ಕೆಂಪು ಸುತ್ತಿನ ಪ್ಲಗ್ಗು

ಆ ಬೀದಿಯಲ್ಲಿ ಎಲ್ಲರೂ ಅವಳನ್ನು ರಿಪೇರಿ ಅಕ್ಕ ಎಂದೇ ಕರೆಯುತ್ತಿದ್ದರು. ಒಂದೇ ಶಟರಿನ ಸಣ್ಣ ಅಂಗಡಿ. ಒಳಗೆ ಮಿಕ್ಸಿ, ಫ್ಯಾನು, ಇಸ್ತ್ರಿ ಪೆಟ್ಟಿಗೆಗಳು ಆಸ್ಪತ್ರೆಯ ವರಾಂಡದಲ್ಲಿ ಕಾಯುವ ರೋಗಿಗಳ ಹಾಗೆ ಸಾಲಾಗಿ ಕುಳಿತಿರುತ್ತಿದ್ದವು. ಹೊಸದನ್ನು ಕೊಳ್ಳುವವರೂ ಮೊದಲು ಅವಳ ಹತ್ತಿರ ಒಂದು ಮಾತು ಕೇಳಿಕೊಂಡೇ ಪೇಟೆಗೆ ಹೋಗುತ್ತಿದ್ದರು. ಇನ್ವರ್ಟರ್ ವಿಷಯಕ್ಕೆ ಬಂದವರಿಗಂತೂ ಅವಳು ಹಳೆಯ ಕ್ಯಾಲೆಂಡರ್ ಹಾಳೆಯ ಬೆನ್ನಿಗೆ ಮನೆಯ ಸಾಮಾನುಗಳ ಪಟ್ಟಿ ಬರೆಸಿ, ಯಾವುದು ಬೇಕೇ ಬೇಕು, ಯಾವುದು ಇಲ್ಲದಿದ್ದರೂ ನಡೆದೀತು ಎಂದು ಅವರಿಂದಲೇ ಗೀಟು ಹಾಕಿಸುತ್ತಿದ್ದಳು. ಫ್ರಿಜ್ಜಿನ ಮೇಲೆ ತಾನೇ ಗೀಟು ಹಾಕುತ್ತಿದ್ದಳು.

“ಫ್ರಿಜ್ಜು ಓಡೋದನ್ನ ನೋಡ್ಬೇಡಿ, ಏಳೋದನ್ನ ನೋಡಿ” ಎನ್ನುವುದು ಅವಳ ಮಾಮೂಲಿ ಮಾತು. “ದಪ್ಪ ಮನುಷ್ಯ ಮಲಗಿದ್ರೆ ಮಂಚಕ್ಕೇನೂ ಆಗಲ್ಲ. ಏಳುವಾಗ ಮುರಿಯುತ್ತೆ.” ಜನ ನಗುತ್ತಿದ್ದರು, ಮಾತು ನೆನಪಿಟ್ಟುಕೊಳ್ಳುತ್ತಿದ್ದರು.

ಅವಳ ಮನೆಯಲ್ಲಿ ಇನ್ವರ್ಟರ್ ಬಂದದ್ದು ಮಾವನಿಗಾಗಿ. ಮೂವತ್ತು ವರ್ಷ ಬಸ್ಸಿನಲ್ಲಿ ಕಂಡಕ್ಟರಾಗಿ ಧೂಳು ಕುಡಿದ ಮಾವನ ಶ್ವಾಸಕೋಶ ಕೊನೆಕೊನೆಗೆ ಹಳೆಯ ತಿದಿಯಂತಾಗಿತ್ತು. ಗಾಳಿಯಿಂದ ಆಮ್ಲಜನಕ ಸೋಸಿ ಕೊಡುವ ಯಂತ್ರವೊಂದು ಮಂಚದ ಪಕ್ಕ ಹಗಲೂ ರಾತ್ರಿ ಗುಟುರು ಹಾಕುತ್ತಿತ್ತು; ಅದರ ಸಣ್ಣ ಕೊಳವೆ ಮಾವನ ಮೂಗಿಗೆ. ಕರೆಂಟು ಹೋದರೆ ಯಂತ್ರ ನಿಲ್ಲುತ್ತದೆ, ಯಂತ್ರ ನಿಂತರೆ ಮಾವನ ಉಸಿರಿಗೆ ಕುತ್ತು. ಅದಕ್ಕೇ ಅವಳು ಲೆಕ್ಕ ಹಾಕಿ, ದೊಡ್ಡ ಬ್ಯಾಟರಿ ಎರಡನ್ನಿಟ್ಟು, ಐದು ಗಂಟೆ ಬರುವ ಹಾಗೆ ಜೋಡಿಸಿದ್ದಳು. ಇನ್ವರ್ಟರ್ ಸಂಪರ್ಕವಿದ್ದ ಪ್ಲಗ್ಗುಗಳ ಸುತ್ತ ಕೆಂಪು ಟೇಪು ಅಂಟಿಸಿದ್ದಳು. ಕೆಂಪು ಸುತ್ತಿನ ಪ್ಲಗ್ಗುಗಳಿಗೆ ಯಂತ್ರ, ಒಂದು ಫ್ಯಾನು, ಒಂದು ದೀಪ ಮಾತ್ರ. ಬೇರೆ ಯಾರೂ ಅಲ್ಲಿಗೆ ಕೈ ಹಾಕಕೂಡದು.

ಮಾವ ಇನ್ವರ್ಟರಿಗೆ ಸ್ಟೆಪ್ನಿ ಎಂದು ಹೆಸರಿಟ್ಟಿದ್ದ, ಸೊಸೆಗೆ ಡ್ರೈವರಮ್ಮ ಎಂದು. ಕರೆಂಟು ಹೋಗಿ ದೀಪ ಒಮ್ಮೆ ಕಣ್ಣು ಮಿಟುಕಿಸಿ ಮತ್ತೆ ಹೊತ್ತಿಕೊಂಡರೆ ಮಲಗಿದ್ದಲ್ಲಿಂದಲೇ ಎರಡು ಬೆರಳೆತ್ತಿ “ರೈಟ್, ರೈಟ್” ಎನ್ನುತ್ತಿದ್ದ. ಅಷ್ಟು ಹೇಳುವುದರಲ್ಲೇ ಅವನಿಗೆ ಏದುಸಿರು ಬರುತ್ತಿತ್ತು. ಅತ್ತೆ, “ಬಾಯಿ ಮುಚ್ಕೊಂಡು ಗಾಳಿ ತಗೊಳ್ಳಿ, ಟಿಕೆಟ್ ಹರಿಯೋದು ಆಮೇಲೆ” ಎಂದು ಗದರುತ್ತಿದ್ದಳು.

ಮಾವ ಹೋಗಿ ಈಗ ಮೂರು ವಾರ.

ಅದು ನಡೆದದ್ದು ಮಧ್ಯಾಹ್ನ. ಅವಳು ಅಂಗಡಿಯಲ್ಲಿ ಒಂದು ಗ್ರೈಂಡರಿನ ಬೆಲ್ಟು ಬಿಗಿಯುತ್ತಿದ್ದಾಗ ಅತ್ತೆಯ ಫೋನು ಬಂದಿತ್ತು. ಸ್ಟೆಪ್ನಿ ನಿಂತುಹೋಗಿದೆ, ಯಂತ್ರ ಕೂಗಿಕೊಳ್ಳುತ್ತಿದೆ, ಇವರ ತುಟಿ ನೀಲಿಯಾಗುತ್ತಿದೆ. ಕಷ್ಟಕಾಲಕ್ಕೆಂದು ಇಟ್ಟಿದ್ದ ಆಮ್ಲಜನಕದ ಸಣ್ಣ ಸಿಲಿಂಡರನ್ನು ಅಂದು ಬೆಳಿಗ್ಗೆಯೇ ತುಂಬಿಸಲು ಕಳಿಸಿದ್ದರು. ಅವಳು ಕೈಯ ಗ್ರೀಸನ್ನೂ ಒರೆಸದೆ ಓಡಿದಳು. ಮನೆಯ ತಿರುವಿನಲ್ಲಿರುವಾಗ ಬೀದಿಯ ಮನೆಗಳಲ್ಲೆಲ್ಲ ಫ್ಯಾನುಗಳು ತಿರುಗತೊಡಗಿದವು. ಕರೆಂಟು ಬಂದಿತ್ತು. ಒಳಗೆ ಹೋದಾಗ ಯಂತ್ರ ಏನೂ ಆಗದಂತೆ ಗುಟುರು ಹಾಕುತ್ತಿತ್ತು, ಅತ್ತೆ ಮಾವನ ಮುಖಕ್ಕೆ ಮಡಿಸಿದ ಪತ್ರಿಕೆಯಿಂದ ಗಾಳಿ ಬೀಸುತ್ತಲೇ ಇದ್ದಳು. ಬೀಸುವುದನ್ನು ನಿಲ್ಲಿಸಿ ಎಂದು ಹೇಳಬೇಕಾಗಿ ಬಂದದ್ದು ಸೊಸೆಗೆ.

ಐದು ಗಂಟೆ ಬರಬೇಕಾದದ್ದು ನಲವತ್ತೇ ನಿಮಿಷಕ್ಕೆ ನಿಂತಿತ್ತು. ಲಾರಿ ಓಡಿಸುವ ಗಂಡ ಎಲ್ಲಿಂದಲೋ ಬಂದು ಅಪ್ಪನನ್ನು ಕಳಿಸಿಕೊಟ್ಟು, ಬ್ಯಾಟರಿ ಕೈಕೊಟ್ಟರೆ ಯಾರೇನು ಮಾಡಲಾಗುತ್ತದೆ ಎಂದು ಹೆಂಡತಿಗೇ ಸಮಾಧಾನ ಹೇಳಿ ಮತ್ತೆ ಗಾಡಿ ಹತ್ತಿದ. ಅತ್ತೆ ಮಾತ್ರ ಸುಮ್ಮನಾದಳು. ಅತ್ತಿದ್ದನ್ನೂ ಯಾರೂ ನೋಡಲಿಲ್ಲ. ತಟ್ಟೆಯ ಮುಂದೆ ಕೂತು ತುತ್ತನ್ನು ಬೆರಳಲ್ಲಿ ಆಡಿಸುತ್ತಿದ್ದಳು.

ಸೊಸೆಗೆ ಗಾಬರಿಯಾದದ್ದು ಫ್ರಿಜ್ಜಿನ ಬಾಗಿಲಲ್ಲಿದ್ದ ಇನ್ಸುಲಿನ್ ಸೀಸೆಯಿಂದ. ಅತ್ತೆಗೆ ಹದಿನೈದು ವರ್ಷದ ಸಕ್ಕರೆ ಕಾಯಿಲೆ. ದಿನಕ್ಕೆರಡು ಸಲ ತಾನೇ ಹೊಟ್ಟೆಗೆ ಸೂಜಿ ಚುಚ್ಚಿಕೊಳ್ಳುತ್ತಿದ್ದಳು. ಹಾಲು ತೆಗೆಯಲು ಬಾಗಿಲು ತೆರೆದಾಗ, ಸೀಸೆಯಲ್ಲಿನ ಮದ್ದು ಒಂದು ವಾರದಿಂದ ಒಂದು ಗೆರೆಯೂ ಇಳಿದಿಲ್ಲವೆಂಬುದು ಸೊಸೆಯ ಕಣ್ಣಿಗೆ ಬಿತ್ತು. ಕೇಳಿದರೆ ಅತ್ತೆ ಮೊದಲು ಹಾರಿಕೆಯ ಉತ್ತರ ಕೊಟ್ಟಳು. ಆಮೇಲೆ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು, ಗೋಡೆಯನ್ನು ನೋಡುತ್ತ ಹೇಳಿದಳು.

“ನಾನೇ ಅವರನ್ನ ಕೊಂದೆ ಮಗಾ.”

ನಡೆದದ್ದಿಷ್ಟು. ಬ್ಯಾಟರಿಯ ನೀರಿನ ಮಟ್ಟ ತೋರಿಸುವ ಕಡ್ಡಿಗಳು ಕೆಳಗಿಳಿದಿದ್ದವು. ಸೊಸೆ ಬ್ಯಾಟರಿ ನೀರಿನ ಕ್ಯಾನು ತರುತ್ತೇನೆಂದು ನಾಲ್ಕು ದಿನ ಮರೆತಿದ್ದಳು. ಊರಿನವರ ಬ್ಯಾಟರಿಗೆಲ್ಲ ನೀರು ಕುಡಿಸುವವಳಿಗೆ ಬಿಡುವೆಲ್ಲಿ ಎಂದುಕೊಂಡು ಅತ್ತೆಯೇ ಮಾವ ಹೋಗುವ ಹಿಂದಿನ ದಿನ ಮುಚ್ಚಳ ತೆಗೆದು ಕುಡಿಯುವ ನೀರು ಹಾಕಿದ್ದಳು. ಸುಮ್ಮನೆ ನಲ್ಲಿ ನೀರಲ್ಲ. ಕುದಿಸಿ, ಆರಿಸಿ, ತೆಳುಬಟ್ಟೆಯಲ್ಲಿ ಸೋಸಿದ್ದು. ಎಳೆ ಮಗುವಿಗೆ ಕೊಡುವಂಥ ನೀರು.

“ಅದಕ್ಕಿಂತ ಶುದ್ಧ ನಮ್ಮನೇಲಿ ಇನ್ನೇನಿದೆ ಅಂದ್ಕೊಂಡೆ” ಎಂದಳು.

ಸೊಸೆ ಅವಳ ಕೈ ಹಿಡಿದು ಬಿಡಿಸಿ ಹೇಳಿದಳು: ಎಷ್ಟು ಕುದಿಸಿದರೂ ನೀರಿನಲ್ಲಿರುವ ಉಪ್ಪು ಹೋಗುವುದಿಲ್ಲ, ಅದು ಬ್ಯಾಟರಿಗೆ ಒಳ್ಳೆಯದಲ್ಲ ನಿಜ, ಆದರೆ ಒಂದು ಲೋಟ ನೀರಿಗೆ ಒಂದೇ ದಿನದಲ್ಲಿ ಸಾಯುವ ಬ್ಯಾಟರಿಯನ್ನು ತಾನು ಕಂಡಿಲ್ಲ. ಅತ್ತೆ ತಲೆಯಾಡಿಸಿದಳು, ಒಂದು ಅಕ್ಷರವನ್ನೂ ನಂಬಲಿಲ್ಲ. ಸಮಾಧಾನಕ್ಕೆ ಹೇಳುವ ಮಾತಿನ ಧಾಟಿ ಅವಳಿಗೆ ಗೊತ್ತಿತ್ತು. ಮದ್ದಿನ ಗೆರೆ ಮರುದಿನವೂ ಇಳಿಯಲಿಲ್ಲ.

ಹಾಗಾದರೆ ತೋರಿಸಿಯೇ ಬಿಡೋಣವೆಂದು ಸೊಸೆ ಅಂಗಡಿಯಿಂದ ಗಾಜಿನ ಕೊಳವೆ ತಂದಳು. ಬ್ಯಾಟರಿಯ ದ್ರವವನ್ನು ಹೀರಿದರೆ ಒಳಗಿನ ತೇಲುಬುರುಡೆ ಬ್ಯಾಟರಿಯ ಕಸುವು ಹೇಳುತ್ತದೆ. ಎರಡು ಬ್ಯಾಟರಿಯ ಹನ್ನೆರಡು ಮುಚ್ಚಳವನ್ನೂ ಒಂದೊಂದಾಗಿ ತೆರೆದಳು. ಹನ್ನೆರಡರಲ್ಲೂ ಬುರುಡೆ ಹಸಿರು ಪಟ್ಟಿಯಲ್ಲೇ ತೇಲಿತು. ಅತ್ತೆಗೆ ತೋರಿಸಿದಳು.

ಅತ್ತೆ ಕನ್ನಡಕ ಏರಿಸಿ ನೋಡಿ, “ಇವೆಲ್ಲ ಸರಿಯಿದ್ರೆ ನಿಂತಿದ್ದು ಯಾಕೆ?” ಎಂದಳು.

ಅದಕ್ಕೆ ಸೊಸೆಯ ಹತ್ತಿರ ಉತ್ತರವಿರಲಿಲ್ಲ. ಉತ್ತರವಿಲ್ಲದ ಮೇಲೆ ಅತ್ತೆಯ ಪಾಲಿಗೆ ತನ್ನ ನೀರೇ ಕಾರಣ.

ಉತ್ತರ ಸಿಕ್ಕಿದ್ದು ಮರುದಿನ ಅಂಗಡಿಯಲ್ಲಿ. ಹೊಸದಾಗಿ ಸಂಸಾರ ಹೂಡಿದ ಗಂಡಹೆಂಡಿರು ಇನ್ವರ್ಟರ್ ಯಾವುದು ತಗೊಳ್ಳೋಣ ಎಂದು ಕೇಳಲು ಬಂದಿದ್ದರು. ಅವಳು ಕ್ಯಾಲೆಂಡರ್ ಹಾಳೆ ತಿರುವಿ ಪಟ್ಟಿ ಬರೆಸಿದಳು. ಆ ಹೆಣ್ಣುಮಗಳು, ಫ್ರಿಜ್ಜೂ ಇರಲಿ ಅಕ್ಕ ಎಂದಳು. ಸೊಸೆ ಗೀಟು ಹಾಕಲು ಪೆನ್ನು ಊರಿದಳು. “ಫ್ರಿಜ್ಜು ಓಡೋದನ್ನ ನೋಡ್ಬೇಡಿ” ಎಂದಳು. ಮುಂದಿನ ಮಾತು ಬಾಯಿಯಿಂದ ಹೊರಡಲಿಲ್ಲ. ಪೆನ್ನು ಕೆಳಗಿಟ್ಟಳು.

ನಾಳೆ ಬನ್ನಿ ಎಂದವಳೇ ಅರ್ಧಕ್ಕೆ ಶಟರು ಎಳೆದು ಮನೆಗೆ ಹೋದಳು. ಅತ್ತೆ ಒಳಗೆ ಮಲಗಿದ್ದಳು. ಫ್ರಿಜ್ಜಿನ ಹಿಂದೆ ಬಗ್ಗಿ ನೋಡಿದರೆ ಅದರ ವೈರು ಕೆಂಪು ಸುತ್ತಿನ ಪ್ಲಗ್ಗಿನಲ್ಲೇ ಇತ್ತು. ಅವಳೇ ತನ್ನ ಕೈಯಾರೆ ಹಾಕಿದ್ದು, ಮಾವ ಹೋಗುವ ಒಂಬತ್ತು ದಿನ ಮೊದಲು. ಆ ವಾರ ವಿಪರೀತ ಸೆಕೆ, ದಿನಕ್ಕೆ ನಾಲ್ಕಾರು ಗಂಟೆ ಕರೆಂಟಿಲ್ಲ. ಎರಡು ದಿನದ ಮಟ್ಟಿಗೆ ಎಂದುಕೊಂಡು ಹಾಕಿ, ಒಮ್ಮೆ ಕರೆಂಟು ತೆಗೆದೂ ನೋಡಿದ್ದಳು. ಆಗ ತಡೆದಿತ್ತು. ಅದಾದ ಮೇಲೆ ಕರೆಂಟಿನ ಕಾಟವೂ ಕಡಿಮೆಯಾಗಿ, ತಡೆಯಿತಲ್ಲ ಎಂದು ಮರೆತುಬಿಟ್ಟಿದ್ದಳು.

ಮೇನ್ ಸ್ವಿಚ್ಚು ಇಳಿಸಿದಳು. ಖಾಲಿ ಮಂಚದ ಪಕ್ಕದಲ್ಲಿ ಇನ್ನೂ ಹಾಗೇ ಇದ್ದ ಯಂತ್ರವನ್ನು ಹಚ್ಚಿದಳು. ಫ್ಯಾನು, ದೀಪ ಹಚ್ಚಿದಳು. ಇನ್ವರ್ಟರ್ ಎಲ್ಲವನ್ನೂ ಹೊತ್ತುಕೊಂಡು ನಡೆಯಿತು. ಸ್ಟೂಲಿನ ಮೇಲೆ ಕೂತು ಕಾದಳು. ಅರ್ಧ ಗಂಟೆಗೆ ಫ್ರಿಜ್ಜಿನ ಹಿಂದೆ ಟಕ್ ಎಂಬ ಸದ್ದಾಯಿತು. ಕಂಪ್ರೆಸರು ಏಳಲು ಹೊರಟಿತ್ತು. ದೀಪ ಮಂಕಾಯಿತು, ಎಲ್ಲವೂ ಆರಿತು. ಇನ್ವರ್ಟರ್ ತಾನಾಗಿಯೇ ಎದ್ದು ನೋಡಿತು, ಬಿತ್ತು. ಮತ್ತೆ ಎದ್ದಿತು, ಬಿತ್ತು. ಮೂರನೆಯ ಸಲ ಬಿದ್ದ ಮೇಲೆ ಮಿತಿ ಮೀರಿತೆಂದು ಹೇಳುವ ಕೆಂಪು ದೀಪ ಹಚ್ಚಿಕೊಂಡು ಸುಮ್ಮನಾಯಿತು. ಒಮ್ಮೆ ಗುಂಡಿ ಒತ್ತಿ ಆರಿಸಿ ಹಚ್ಚಿದ್ದರೆ ಎದ್ದು ಕೂರುತ್ತಿತ್ತು. ಆ ಗುಂಡಿಯನ್ನೂ ಅವಳು ಮನೆಯಲ್ಲಿ ಯಾರಿಗೂ ತೋರಿಸಿಕೊಟ್ಟಿರಲಿಲ್ಲ.

ಮೂಲೆಯಲ್ಲಿ ಯಂತ್ರ ಒಂದೇ ಸಮನೆ ಕೂಗತೊಡಗಿತು. ಅವಳು ಹಾರಿ ಅದರ ಬಾಯಿ ಮುಚ್ಚಿಸುವಷ್ಟರಲ್ಲಿ ಅತ್ತೆ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಮಡಿಸಿದ ಪತ್ರಿಕೆ. ನಿದ್ದೆಗಣ್ಣಿನಲ್ಲೇ ಎತ್ತಿಕೊಂಡು ಬಂದಿದ್ದಳು.

ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಗಂಡನಿಗೂ ಇಲ್ಲ, ಬೀದಿಗೂ ಇಲ್ಲ. ಆದರೆ ಈ ಮುದುಕಿ ತನ್ನದಲ್ಲದ ತಪ್ಪನ್ನು ಹೊತ್ತು, ಸೂಜಿ ಚುಚ್ಚಿಕೊಳ್ಳದೆ, ದಿನಕ್ಕಿಷ್ಟು ಇಳಿದುಹೋಗುತ್ತಾಳೆ. ಹೇಳಿದರೆ? ಫ್ರಿಜ್ಜನ್ನು ಆ ಕಡೆ ಹಾಕಿದ್ದು ಯಾರ ಮದ್ದಿಗಾಗಿ ಎಂಬುದು ತಿಳಿದ ಮೇಲೆ ಆ ಮದ್ದನ್ನು ಮುಟ್ಟುತ್ತಾಳೆಯೇ?

“ಕೂತ್ಕೊಳ್ಳಿ ಅತ್ತೆ” ಎಂದು ಮಂಚದ ಮೇಲೆ ಕೂರಿಸಿದಳು. “ನಿಮ್ಮ ನೀರಿಂದ ಅಲ್ಲ. ನನ್ನಿಂದ. ಫ್ರಿಜ್ಜನ್ನ ನಾನು ಸ್ಟೆಪ್ನಿಗೆ ಹಾಕಿದ್ದೆ. ಅದು ಏಳುವಾಗ ಎಳ್ಕೊಳ್ಳೋ ಭಾರಕ್ಕೆ ಎಲ್ಲಾ ನಿಂತೋಯ್ತು. ಈಗ ನೋಡಿದ್ರಲ್ಲ, ಅವತ್ತೂ ಹೀಗೇ ಆಗಿದ್ದು. ಊರಿಗೆಲ್ಲ ಹೇಳೋಳು ನಾನು.”

ಅತ್ತೆ ಕೆಂಪು ದೀಪದತ್ತ ನೋಡಿದಳು.

“ಫ್ರಿಜ್ಜನ್ನ ಯಾಕೆ ಆ ಕಡೆ ಹಾಕ್ದೆ?”

“ಹಾಲು ಕೆಡ್ತಿತ್ತು ಅಂತ.”

“ನಮ್ಮನೇಲಿ ಹಾಲು ಮಧ್ಯಾಹ್ನದವರೆಗೂ ಯಾವತ್ತು ಉಳಿದಿದೆ?” ಅತ್ತೆ ಪತ್ರಿಕೆಯನ್ನು ತೊಡೆಯ ಮೇಲೆ ಸಪಾಟು ಮಾಡಿದಳು. “ನನ್ನ ಮದ್ದಿಗೆ.”

ಸೊಸೆ ಅವಳ ಮುಂದೆ ನೆಲದ ಮೇಲೆ ಕುಳಿತಳು. ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಮುಚ್ಚಿಟ್ಟರೆ ಮಾವನ ಮಾತನ್ನೂ ಮುಚ್ಚಿಟ್ಟಂತೆ.

“ಮಾವ ಕೇಳಿದ್ರು ಅತ್ತೆ. ನೀವು ಬಟ್ಟೆ ಒಗೀತಿದ್ರಿ. ‘ಡ್ರೈವರಮ್ಮ, ಅವಳ ಮದ್ದು ಬಿಸಿಯಾಗ್ತಿದೆ, ಅದನ್ನೂ ನಮ್ಮ ಬಸ್ಸಿಗೆ ಹತ್ತಿಸು’ ಅಂದ್ರು. ಜಾಗ ಇಲ್ಲ ಮಾವ ಅಂದೆ. ‘ಮೂವತ್ತು ವರ್ಷದಲ್ಲಿ ಕೈ ಎತ್ತಿದವರನ್ನ ಬಿಟ್ಟು ಹೋದೋನಲ್ಲ ನಾನು. ಒಂಚೂರು ಒತ್ತರಿಸಿದ್ರೆ ಆಗುತ್ತೆ’ ಅಂದ್ರು. ನಕ್ಕೊಂಡೇ ಹಾಕ್ಬಿಟ್ಟೆ.”

ಅತ್ತೆಯ ಮುಖ ಮೊದಲು ಗಟ್ಟಿಯಾಯಿತು, ಆಮೇಲೆ ಬಾಯಿಯ ಕೊನೆ ಅದುರಿತು. ಮೂರು ವಾರದಿಂದ ಬಾರದ ಅಳು ಸದ್ದಿಲ್ಲದೆ ಬಂತು. ಅಳುತ್ತಲೇ ಹೇಳಿದಳು, ಆ ಮನುಷ್ಯ ಹಾಗೇ. ತುಂಬಿದ ಬಸ್ಸಿಗೇ ಜನರನ್ನು ಹತ್ತಿಸುತ್ತಿದ್ದ, ಬಾಗಿಲಲ್ಲಿ ತಾನು ನೇತಾಡುತ್ತಿದ್ದ. ಮದುವೆಗೆ ಮೊದಲು ತನ್ನನ್ನೂ ಹಾಗೇ ಹತ್ತಿಸಿಕೊಂಡಿದ್ದು.

ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದಳು. “ಸೀಸೆಗೆ ಒದ್ದೆ ಬಟ್ಟೆ ಸುತ್ತಿ ತಣ್ಣೀರಿನ ಮಡಕೆ ಪಕ್ಕ ಇಟ್ಟಿದ್ರೆ ಆಗ್ತಿರಲಿಲ್ವಾ?”

“ಆಗ್ತಿತ್ತು ಅತ್ತೆ.”

“ಯಾರಿಗೂ ಹೊಳೀಲಿಲ್ಲ.”

“ಇಲ್ಲ.”

ಮಗನಿಗೆ ಹೇಳುತ್ತೀಯಾ ಎಂದು ಅತ್ತೆ ಕೇಳಿದಳು. ಈ ಸಲ ಗಾಡಿ ಇಳಿದು ಬಂದ ದಿನವೇ ಹೇಳುತ್ತೇನೆ ಎಂದಳು ಸೊಸೆ. ಬೇಡವೆಂದು ಅತ್ತೆ ಹೇಳಲಿಲ್ಲ. ನಿನ್ನ ತಪ್ಪೇನಿಲ್ಲ ಎಂದೂ ಹೇಳಲಿಲ್ಲ. ಎದ್ದು ಹೋಗಿ ಫ್ರಿಜ್ಜಿನ ಬಾಗಿಲು ತೆರೆದು, ದೀಪ ಹತ್ತದ ಕತ್ತಲಿನಲ್ಲಿ ಕೈಯಾಡಿಸಿ ಸೀಸೆ ತೆಗೆದಳು. ಅದನ್ನು ಅಂಗೈಯಲ್ಲಿಟ್ಟುಕೊಂಡು ನಿಂತಳು. ಸೊಸೆ ನೋಡುತ್ತಿದ್ದಳು, ಎಲ್ಲಿ ಬಚ್ಚಲಿಗೆ ಸುರಿದುಬಿಡುತ್ತಾಳೋ ಎಂದು.

“ಇಷ್ಟಕ್ಕೆ ಜಾಗ ಬಿಟ್ಕೊಟ್ಟು ಹೋದ್ರು” ಎಂದಳು ಅತ್ತೆ. ಯಾರಿಗೆ ಹೇಳಿದಳೋ. ಆಮೇಲೆ ಸೀಸೆಯನ್ನೂ ಸೂಜಿಯನ್ನೂ ತಂದು ಸೊಸೆಯ ಕೈಗಿತ್ತಳು. “ನೀನೇ ಹಾಕು.”

ಸೊಸೆ ಗೆರೆ ನೋಡಿ ಮದ್ದೆಳೆದಳು. ಅತ್ತೆ ಬೇರೆ ಕಡೆ ಮುಖ ಮಾಡಿ ಚರ್ಮ ಹಿಡಿದುಕೊಟ್ಟಳು.

ಸೂಜಿ ತೆಗೆದಿಟ್ಟು ಸೊಸೆ ಫ್ರಿಜ್ಜಿನ ಹಿಂದೆ ಬಗ್ಗಿ ವೈರು ಕಿತ್ತು ಬೇರೆ ಪ್ಲಗ್ಗಿಗೆ ಹಾಕಿದಳು. ಅತ್ತೆಯನ್ನು ಇನ್ವರ್ಟರಿನ ಹತ್ತಿರ ಕರೆದು, ಯಾವ ಗುಂಡಿ, ಎಷ್ಟು ಹೊತ್ತು ಒತ್ತಬೇಕು ಎಂದು ತೋರಿಸಿದಳು. ಅತ್ತೆ ಬೆರಳಿಟ್ಟು ಒತ್ತಿ ಆರಿಸಿದಳು, ಮತ್ತೆ ಒತ್ತಿದಳು. ಕೆಂಪು ದೀಪ ಹೋಗಿ ಹಸಿರು ಬಂತು, ಫ್ಯಾನು ತಿರುಗಿತು. ಇಷ್ಟೇನಾ ಎಂಬಂತೆ ಅವಳು ಸೊಸೆಯ ಮುಖ ನೋಡಿದಳು. ಸೊಸೆ ತಲೆ ತಗ್ಗಿಸಿದಳು.

ಇಬ್ಬರೂ ಅಲ್ಲೇ ನಿಂತಿದ್ದರು. ಖಾಲಿ ಮಂಚದ ಮೇಲೆ ಫ್ಯಾನಿನ ಗಾಳಿ ಹಾಸಿಗೆಯ ಅಂಚನ್ನು ಎತ್ತಿ ಎತ್ತಿ ಇಳಿಸುತ್ತಿತ್ತು.