ಮೊದಲ ರೊಟ್ಟಿಯ ಅಂಚು

“ನೋಡ್ರಿ, ನೋಡ್ರಿ! ಬಸ್ರಾದ ಸೊಸಿ ಬಂದಾಳ!”

ತಿಕೋಟಾ ಸಂತೆಯ ನಡುಮಧ್ಯೆ, ಜೋಳದ ಚೀಲಗಳ ಮೇಲೆ ಕುಳಿತ ವ್ಯಾಪಾರಿ ಬಸಗೊಂಡಪ್ಪ ಹೀಗೆ ಕೂಗಿದ್ದೇ ತಡ, ಸುತ್ತಲಿನವರೆಲ್ಲ ತಿರುಗಿ ನೋಡಿದರು. ಅಲ್ಲಿ ಸೊಸೆಯೂ ಇರಲಿಲ್ಲ, ಅತ್ತೆಯೂ ಇರಲಿಲ್ಲ. ಘೋಣಸಗಿಯ ಭಾಗಪ್ಪ ನಿಂತಿದ್ದ. ಬಾಗಿಲಿಗೆ ತಲೆ ಬಡಿಯುವಷ್ಟು ಎತ್ತರದ ಆಳು, ಮೈಮೇಲೆ ಪಲ್ಟನ್ನಿನ ಖಾಕಿ ಅಂಗಿ, ಕಂಕುಳಲ್ಲಿ ಬುತ್ತಿಯ ಗಂಟು.

“ಲಡಾಯಿಗೆ ಹೋದವರೆಲ್ಲಾ ಬಂದೂಕ ಹಿಡದ್ರ ಇಂವಾ ರೊಟ್ಟಿ ಬಡದಾನಂತ! ಏನ್ಲೇ ಭಾಗ್ಯಾ, ಕೈಯಾಗ ಬಳಿ ಇಟ್ಕೊಂಡಿದ್ದೇನು?”

ಸಂತೆಗೆ ಸಂತೆಯೇ ನಕ್ಕಿತು. ಬದನೆಕಾಯಿ ಮಾರುತ್ತಿದ್ದ ಬೋರವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು. ಬಸಗೊಂಡಪ್ಪನಿಗೆ ಇನ್ನೂ ಹುರುಪು ಬಂತು.

“ಬಡದಿ, ಬಡದಿ. ನಿನ್ನ ಕೈ ರೊಟ್ಟಿ ತಿಂದಾಂವರೆ ಯಾಂವಲೇ ಆ ದೇಶದಾಗ? ಇಲ್ಲ್ಯಂತೂ ನಾಯಿನೂ ಮೂಸಂಗಿಲ್ಲ!”

ಯಾರು ತಿಂದರು? ಉತ್ತರ ಭಾಗಪ್ಪನ ನಾಲಿಗೆಯ ತುದಿಯಲ್ಲೇ ಇತ್ತು. ‘ನಿಮ್ಮಣ್ಣನ ಮಗಾರಿ ಯಪ್ಪಾ’ ಎಂದರೆ ಮುಗಿಯಿತು. ಬಸಗೊಂಡಪ್ಪನ ಮೀಸೆ ಅಲ್ಲೇ ಉದುರಿ ಜೋಳದಲ್ಲಿ ಬೀಳುತ್ತಿತ್ತು. ಆ ಅಣ್ಣನ ಮಗ, ನಿಡೋಣಿಯ ಶಂಕ್ರೆಪ್ಪ, ಕಾಕಾನ ಬೆನ್ನ ಹಿಂದೆಯೇ ತಕ್ಕಡಿ ಹಿಡಿದು ನಿಂತಿದ್ದ. ಎಲ್ಲ ಕೇಳಿಸಿಕೊಂಡೂ ತಲೆ ಎತ್ತಲಿಲ್ಲ. ಜೋಳದ ಕಾಳಿನೊಳಗೆ ಮುತ್ತು ಹುಡುಕುವವನಂತೆ ಬಗ್ಗಿಯೇ ಇದ್ದ.

ಭಾಗಪ್ಪನ ಸಿಟ್ಟು ಇಂದಿನದಲ್ಲ. ಮೂರನೇ ಇಯತ್ತೆಯಲ್ಲಿದ್ದಾಗ ತನ್ನೊಬ್ಬನನ್ನೇ ಸಾಲಿಯ ಕಟ್ಟೆಯ ಕೆಳಗೆ ಕೂಡಿಸಿದರೆಂದು ಪಾಟಿಯನ್ನು ಕಲ್ಲಿಗೆ ಅಪ್ಪಳಿಸಿ ಮನೆಗೆ ಬಂದವನು, ಮತ್ತೆ ಆ ಕಡೆ ಕಾಲಿಟ್ಟಿರಲಿಲ್ಲ. ಅಂಥವನು ಇವತ್ತು ಹಲ್ಲು ಕಚ್ಚಿಕೊಂಡು ಬೇವಿನ ಗಿಡದ ಬುಡಕ್ಕೆ ಹೋಗಿ ಕುಳಿತ. ಯಾಕೆಂದರೆ ಆಣೆ ಮಾಡಿದ್ದ. ಅದೂ ದೇವರ ಮೇಲಲ್ಲ, ಬಿಸಿ ರೊಟ್ಟಿಯ ಮೇಲೆ ಕೈಯಿಟ್ಟು.

ಕಡಲಾಚೆಯ ಆ ಬಸ್ರಾ ಎಂದರೆ ಏನು? ಬಿಸಿಲು. ಬಿಸಿಲಿನ ಮೇಲೆ ಧೂಳು, ಧೂಳಿನ ಮೇಲೆ ನೊಣ. ಹಡಗಿನಿಂದ ಚೀಲ ಇಳಿಸುವುದು, ಬೆನ್ನ ಮೇಲೆ ಹೊತ್ತು ಗೋದಾಮಿಗೆ ಹಾಕುವುದು. ಇವರ ಪಲ್ಟನ್ನಿಗೆ ಇದೇ ಲಡಾಯಿ. ಊಟಕ್ಕೆ ಸರಕಾರಿ ಗೋಧಿ ರೊಟ್ಟಿ, ನೀರಿನಂಥ ಬ್ಯಾಳಿ. ಮೊದಲ ತಿಂಗಳೇ ವಿಜಾಪುರದ ಮೆಹಬೂಬ ಹೊಟ್ಟೆ ತಟ್ಟಿಕೊಂಡು ಹೇಳಿದ್ದ: “ದೋಸ್ತಾ, ಇದನ್ನ ತಿಂದ್ರ ಹೊಟ್ಟಿ ತುಂಬತೈತಿ, ಖರೆ ಊಟಾ ಮಾಡಿದಂಗ ಆಗಂಗಿಲ್ಲ.”

ಆ ಮೆಹಬೂಬನೇ ಒಂದು ದಿನ ಬಜಾರಿನಲ್ಲಿ ಕರಿ ಅರಿವೆ ಹೊದ್ದ ಮುದುಕಿಯೊಬ್ಬಳ ಬುಟ್ಟಿಯಲ್ಲಿ ಜೋಳ ಕಂಡ. ಕಳೆದುಹೋದ ತಮ್ಮ ಸಿಕ್ಕವನಂತೆ ಕಾಳನ್ನು ಕಣ್ಣಿಗೊತ್ತಿಕೊಂಡ. ಮುದುಕಿ ಹುಚ್ಚನೆಂದುಕೊಂಡು ಬುಟ್ಟಿ ಹಿಂದಕ್ಕೆಳೆದಳು. ಕೈಸನ್ನೆ, ಬಾಯಿಸನ್ನೆ ಎಲ್ಲ ಆಗಿ, ಎರಡು ಸಾಬೂನಿಗೆ ಒಂದು ಗಂಟು ಜೋಳ, ಅವಳೇ ಬೀಸಿಕೊಡುವುದೆಂದು ಕುದುರಿತು.

ಹಿಟ್ಟು ಬಂತು, ಬಡಿಯುವವರು ಯಾರು? ಗಂಡಸರು ರೊಟ್ಟಿ ತಿನ್ನಲು ಹುಟ್ಟಿದವರು, ಬಡಿಯಲು ಅಲ್ಲ. ಮೆಹಬೂಬ ತಣ್ಣೀರಲ್ಲಿ ಕಲಸಿ ಬಡಿದ. ರೊಟ್ಟಿ ಎಂಟು ಹೋಳಾಗಿ ಎಂಟು ದಿಕ್ಕಿಗೆ ಹೋಯಿತು.

“ಸರಿ ಅತ್ಲಾಗ! ಎಸರು ಇಡದ ಜೋಳದ ಹಿಟ್ಟು ನಾದ್ತಾರೇನಲೇ ಯಾರರೆ?” ಎಂದು ಭಾಗಪ್ಪ ತೋಳು ಮಡಚಿದ. ಅವನ ಅವ್ವ ರುಕ್ಮವ್ವನ ಕೈಗೆ ಕುಡುಗೋಲು ಬಡಿದು ನಂಜೇರಿದಾಗ ಒಂದು ಸುಗ್ಗಿ ಪೂರ್ತಿ ಮನೆಯಲ್ಲಿ ರೊಟ್ಟಿ ಬಡಿದವನು ಅವನೇ. ಕುದಿಯುವ ನೀರು ಹಾಕಿ ನಾದಿ, ಪರಾತದಲ್ಲಿ ತಟಪಟ ತಟಪಟ ಬಡಿದು, ಪೆಟ್ರೋಲಿನ ಪೀಪಾಯಿಯ ಮುಚ್ಚಳದ ಮೇಲೆ ಹಾಕಿದ. ರೊಟ್ಟಿ ಉಬ್ಬಿತು. ಮೆಹಬೂಬ ಎದ್ದು ಕುಣಿದ.

ಅದೇ ಪಲ್ಟನ್ನಿನಲ್ಲಿದ್ದ ಶಂಕ್ರೆಪ್ಪ ಮಾತ್ರ ದೂರ ಕುಳಿತು ಬಿಸ್ಕೀಟು ಕಡಿಯುತ್ತಿದ್ದ. ಅವನು ಗೌಡಕಿ ಮನೆಯವನು. ಭಾಗಪ್ಪನ ಕೈಯಿಂದ ನೀರನ್ನೂ ಕುಡಿದವನಲ್ಲ. ಎರಡು ದಿನ ಬೆನ್ನು ತಿರುಗಿಸಿದ. ಮೂರನೇ ದಿನ ಬೆನ್ನ ಮೇಲೆ ಚೀಲ ಹೊತ್ತು ಒಲೆಯ ಪಕ್ಕದಿಂದ ಹಾಯುವಾಗ ಆ ಸುಟ್ಟ ಜೋಳದ ವಾಸನೆ ಮೂಗಿಗೆ ಬಡಿಯಿತು. ಕಾಲು ನಿಂತವು. ಚೀಲ ಇಳಿಸಲಿಲ್ಲ. ಬಗ್ಗಿ, ಒಂದು ಕೈ ಚಾಚಿ, ಮೊದಲ ರೊಟ್ಟಿಯ ಗರಿಗರಿ ಅಂಚನ್ನು ಮುರಿದು ಬಾಯಿಗೆ ಹಾಕಿಕೊಂಡು ನಡೆದೇಬಿಟ್ಟ.

ಅವತ್ತಿನಿಂದ ಮೊದಲ ರೊಟ್ಟಿಯ ಅಂಚು ಅವನದೇ ಆಯಿತು. ಚೀಲ ಹೊತ್ತು ಬರುವುದು, ಕೈ ಚಾಚುವುದು. ಭಾಗಪ್ಪ ಆ ಕೈಮೇಲೆ ಫಟ್ಟನೆ ಹೊಡೆದು “ಆರಲಿ ತಡಿಯೋ ಹೊಟ್ಟಿಬಾಕ” ಎನ್ನುವುದು. ಹೊಡೆತ ತಿಂದ ಮೇಲೂ ಅಂಚು ಬಿಡುತ್ತಿರಲಿಲ್ಲ. ಬರಬರುತ್ತ ಸಾತಾರದ ಮರಾಠರಿಬ್ಬರು ಉಳ್ಳಾಗಡ್ಡಿ ಹಿಡಿದು ಬಂದರು, ಮದ್ರಾಸಿನವನೊಬ್ಬ ಉಪ್ಪಿನಕಾಯಿ ತಂದ. ಆ ಮುದುಕಿಗೂ ಸುದ್ದಿ ಹೋಗಿ, ಗಂಡಸು ರೊಟ್ಟಿ ಬಡಿಯುವುದನ್ನು ನೋಡಲೆಂದೇ ಒಂದು ಗಡಿಗೆ ಮೊಸರು ಹೊತ್ತು ಬಂದಳು. ಹಲ್ಲಿಲ್ಲದ ಬಾಯಲ್ಲಿ ನಕ್ಕೂ ನಕ್ಕೂ, ತನ್ನ ಖರ್ಜೂರದ ಪಾಕದಲ್ಲಿ ಘೋಣಸಗಿಯ ರೊಟ್ಟಿ ಅದ್ದಿ ತಿಂದಳು. ‘ನೀ ಯಾರ ಪೈಕಿ’ ಎಂದು ಅಲ್ಲಿ ಒಬ್ಬರೂ ಕೇಳಲಿಲ್ಲ. ಕೇಳುವಷ್ಟರಲ್ಲಿ ರೊಟ್ಟಿ ಆರಿಹೋಗುತ್ತಿತ್ತು.

ಊರಿಗೆ ಹೊರಡುವ ಮುಂಚೆ ಶಂಕ್ರೆಪ್ಪ ಮೆಲ್ಲಗೆ ಹೇಳಿದ: “ಭಾಗಪ್ಪ, ಇದನ್ನ ಊರಾಗ ಬಾಯಿ ಬಿಡಬ್ಯಾಡೋ. ನನ್ನನ್ನ ಮನಿಯಿಂದ ಹೊರಗ ಹಾಕ್ತಾರ.”

ಭಾಗಪ್ಪ ಆಣೆ ಮಾಡಿದ. ಆದರೆ ತಾನೂ ಒಂದು ಮಾತು ಹಾಕಿದ: “ಆದ್ರ ಒಮ್ಮೆ ನಮ್ಮ ಸೀಮ್ಯಾಗ ಮೂರೂ ಮಂದಿ ಕೂಡಿ ಉಣ್ಣಬೇಕು.”

“ಹೂಂ” ಅಂದಿದ್ದ ಶಂಕ್ರೆಪ್ಪ. ಬಂದು ಆರು ತಿಂಗಳಾದರೂ ಆ ‘ಹೂಂ’ ಘೋಣಸಗಿಯ ದಾರಿ ಹಿಡಿಯಲಿಲ್ಲ. ಕೊನೆಗೆ ಮೆಹಬೂಬನೇ ಇಬ್ಬರಿಗೂ ಹೇಳಿಕಳಿಸಿದ್ದ: ತಿಕೋಟಾ ಸಂತೆಯ ದಿನ, ಬೇವಿನ ಗಿಡದ ಬುಡಕ್ಕೆ. ಅದಕ್ಕೇ ಈ ಬುತ್ತಿ.

ಇಲ್ಲಿ ನೋಡಿದರೆ ಅಂಚು ತಿಂದವನು ತಕ್ಕಡಿಯ ಹಿಂದೆ ಮುಖ ಮುಚ್ಚಿಕೊಂಡಿದ್ದಾನೆ. ‘ಮಗನ, ನೀ ಬರಬ್ಯಾಡ. ನಿನ್ನ ಪಾಲು ಎತ್ತಿಗೆ ಹಾಕ್ತೀನಿ’ ಎಂದು ಭಾಗಪ್ಪ ಒಳಗೊಳಗೇ ಬೈದ. ಬೈದರೂ ಗಂಟು ಬಿಚ್ಚಲಿಲ್ಲ.

ಅಷ್ಟರಲ್ಲಿ ಅಥಣಿ ರಸ್ತೆಯ ಧೂಳೆಬ್ಬಿಸುತ್ತ ಮೆಹಬೂಬನ ಟಾಂಗಾ ಬಂತು. ಇಳಿಯುವ ಮೊದಲೇ ಬಾಯಿ ಇಳಿಯಿತು.

“ಏ ಬಸ್ರಾದ ಬಬರ್ಚಿ! ವಿಜಾಪುರದಿಂದ ಹಸಗೊಂಡು ಬಂದೇನಿ. ನಮ್ಮವ್ವ ಆಶಾಬಿ ಮುಂಜಾನೆ ಉಣ್ಣಾಕ ಕರದ್ರೂ ಒಲ್ಲೆ ಅಂದೇನಿ. ಬಿಚ್ಚೋ ಲಗೂನ! ಶಂಕ್ರ್ಯಾ ಎಲ್ಲಿ?”

“ಯಾವ ಶಂಕ್ರ್ಯಾ? ನನಗ ಗೊತ್ತಿಲ್ಲ” ಎಂದ ಭಾಗಪ್ಪ, ಬಸಗೊಂಡಪ್ಪನ ಅಂಗಡಿಗೆ ಕೇಳುವಷ್ಟು ಜೋರಾಗಿ. ಗಂಟು ಬಿಚ್ಚಿದ. ಬೆಳಗಿನ ಜಾವ ಬಡಿದ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಬೆಳ್ಳುಳ್ಳಿ ಖಾರ. ವಾಸನೆ ಬೇವಿನ ಗಿಡ ದಾಟಿ ಹೋಯಿತು.

ಅದೇ ಹೊತ್ತಿಗೆ ಯಾವುದೋ ಬಂಡಿಗೆ ಹಾಕಲೆಂದು ಶಂಕ್ರೆಪ್ಪ ಜೋಳದ ಚೀಲ ಬೆನ್ನಿಗೇರಿಸಿ ಹೊರಗೆ ಬಂದ. ಬಂಡಿ ನಿಂತಿದ್ದು ಗಿಡದ ಆಚೆ. ತಲೆ ತಗ್ಗಿಸಿ, ನೋಡದವನಂತೆ ಹಾಯ್ದು ಹೋಗುವುದೇ ಅವನ ವಿಚಾರ. ಆದರೆ ಬೆನ್ನ ಮೇಲೆ ಚೀಲವಿತ್ತು, ಮೂಗಿಗೆ ವಾಸನೆ ಬಂತು, ಭಾಗಪ್ಪ ಮೊದಲ ರೊಟ್ಟಿ ಎತ್ತಿದ. ಶಂಕ್ರೆಪ್ಪನ ಕೈ ಶಂಕ್ರೆಪ್ಪನನ್ನು ಕೇಳಲಿಲ್ಲ. ತಾನೇ ಚಾಚಿತು, ಅಂಚು ಮುರಿಯಿತು, ಬಾಯಿಗೆ ಹಾಕಿತು.

ಭಾಗಪ್ಪನ ಕೈಯೂ ಯಾರನ್ನೂ ಕೇಳಲಿಲ್ಲ. ಫಟ್!

“ತಡಿಯೋ ಹೊಟ್ಟಿಬಾಕ!”

ಬೋರವ್ವನ ಕೈಯಿಂದ ಬದನೆಕಾಯಿ ಜಾರಿತು. ಅಂಗಡಿಯ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದ ಬಬಲೇಶ್ವರದ ಗುರುಪಾದಯ್ಯ, ಶಂಕ್ರೆಪ್ಪನಿಗೆ ಹೆಣ್ಣು ಗೊತ್ತು ಮಾಡಿಸಿದ ಹಿರಿಯ, ಬಶಿಯನ್ನು ತುಟಿಯ ಹತ್ತಿರವೇ ಹಿಡಿದು ಕುಳಿತುಬಿಟ್ಟ.

“ಉಗುಳಲೇ!” ಬಸಗೊಂಡಪ್ಪ ಚೀಲಗಳಿಂದ ಧುಮುಕಿದ. “ಉಗುಳು ಅಂದ್ನಿ ಶಂಕ್ರ್ಯಾ!”

ಶಂಕ್ರೆಪ್ಪನ ಒಂದು ಗಲ್ಲ ಉಬ್ಬಿತ್ತು. ಕಾಕಾನನ್ನು ನೋಡಿದ. ಗುರುಪಾದಯ್ಯನನ್ನು ನೋಡಿದ. ಕೊನೆಗೆ ಭಾಗಪ್ಪನನ್ನು ನೋಡಿದ. ಉಗುಳಿದನೋ, ಬಸ್ರಾದ ಅಷ್ಟೂ ಊಟ ಮಣ್ಣಾಯಿತು.

ಕರುಮ್, ಕರುಮ್. ಶಂಕ್ರೆಪ್ಪ ಅಗಿದ. ನುಂಗಿದ. ಚೀಲವನ್ನು ಧೊಪ್ಪೆಂದು ನೆಲಕ್ಕೆ ಹಾಕಿ, ಬೆವರು ಒರೆಸಿಕೊಂಡು ಕೇಳಿದ:

“ಶೇಂಗಾ ಚಟ್ನಿ ತಂದಿಲ್ಲೇನೋ ಭಾಗಪ್ಪ?”

ಮೆಹಬೂಬ ನಗಲು ಹೋಗಿ ಕೆಮ್ಮಿದ. ಗುರುಪಾದಯ್ಯ ಬಶಿಯ ಚಹಾ ಸೊರ್ರನೆ ಎಳೆದು, ಯಾರಿಗೆಂದಿಲ್ಲದೆ, “ಹುಡುಗನ ಹಲ್ಲರೆ ಗಟ್ಟಿ ಅದಾವು ಬಿಡ್ರಿ” ಎಂದ.

ಬಸಗೊಂಡಪ್ಪನ ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಅಣ್ಣನ ಮಗನನ್ನು ಬಿಟ್ಟು ಭಾಗಪ್ಪನ ಕಡೆ ಬೆರಳು ಮಾಡಿದ. ದನಿಯಲ್ಲಿ ಮೊದಲಿನ ಜೋರು ಇರಲಿಲ್ಲ.

“ಎಷ್ಟು ದಿನದಿಂದ ನಡದೈತಲೇ ಇದು? ಹೇಳು. ಆ ದೇಶದಾಗ ಇಂವಾ ನಿನ್ನ ಕೈಯಾಂದು ಏನೇನ ತಿಂದಾನ?”

ಮುಂಜಾನೆಯಿಂದ ನಾಲಿಗೆ ಸುಡುತ್ತಿದ್ದ ಮಾತನ್ನು ಈಗ ಸಂತೆಯೇ ಕಿವಿ ತೆರೆದು ಕೇಳುತ್ತಿತ್ತು. ಆದರೆ ಆಣೆ ಆಣೆಯೇ. ಭಾಗಪ್ಪ ಬುತ್ತಿ ಸುತ್ತಿ ಕಂಕುಳಿಗೆ ಸೇರಿಸಿದ, ಅಂಚು ಮುರಿದ ರೊಟ್ಟಿಯನ್ನು ಕೈಯಲ್ಲಿ ಹಿಡಿದ, ಎದ್ದು ಟಾಂಗಾದ ಕಡೆ ನಡೆದ.

“ಲೇ, ನಿಂದರೋ!” ಹಿಂದಿನಿಂದ ಶಂಕ್ರೆಪ್ಪ ಕೂಗುತ್ತ ಓಡಿಬಂದ. “ಉಳದ ರೊಟ್ಟಿ ನಂದೈತಿ!”

ಭಾಗಪ್ಪ ರೊಟ್ಟಿ ಹಿಡಿದ ಕೈಯನ್ನು ಹಿಂದಕ್ಕೆ ಚಾಚಿಕೊಂಡೇ ನಡೆದ.