ಕುರಿಗಳ ದ್ವೀಪಕ್ಕೆ ಒಬ್ಬರು

"ಸರ್ಕಾರದ ನೆರವು ಒಂದು ಮನೆಗೆ ಒಬ್ಬರಿಗಷ್ಟೇ. ಇಬ್ಬರಾಗೆ ಯಾರು ಹೋಗ್ತೀರಿ ಅಂತ ಊಟಕ್ಕೆ ಮುಂಚೆ ಹೇಳ್ಬಿಡ್ರಿ," ಎಂದರು ಅಧಿಕಾರಿ ಗಂಗಾಧರಪ್ಪ.

ಸುಮಿತ್ರಾ ಗಂಡನ ಮುಖ ನೋಡಿದಳು. ರಾಜಶೇಖರ್ ಆಗಲೇ ಎದ್ದು ನಿಂತಿದ್ದ, ಎಲ್ಲ ತೀರ್ಮಾನವಾಗಿಹೋದಂತೆ.

ಇಬ್ಬರೂ ಪಶುವೈದ್ಯರು. ಹಿರಿಯೂರು ತಾಲ್ಲೂಕಿನಲ್ಲಿ ಗುತ್ತಿಗೆಯ ಮೇಲೆ ದುಡಿದವರು. ಗುತ್ತಿಗೆ ಮುಗಿದ ಮೇಲೆ ಯಾರೂ ಮತ್ತೆ ಕರೆದಿರಲಿಲ್ಲ. ಅಷ್ಟರಲ್ಲಿ ಬಂದದ್ದು ಈ ಅವಕಾಶ: ಅಟ್ಲಾಂಟಿಕ್ ಸಾಗರದ ದಕ್ಷಿಣದ ತುದಿಯಲ್ಲಿ, ಇಂದಿಗೂ ಬ್ರಿಟಿಷರ ವಸಾಹತಾಗಿಯೇ ಉಳಿದ ಒಂದು ದ್ವೀಪ. ಜನ ಕಡಿಮೆ, ಕುರಿಗಳು ಲಕ್ಷಗಟ್ಟಲೆ. ಅಲ್ಲಿ ಹೋಗಿ ನೆಲೆಸುವ ಪಶುವೈದ್ಯರಿಗೆ ಪ್ರಯಾಣ, ತರಬೇತಿ ಎಲ್ಲ ಸರ್ಕಾರದ್ದೇ. ಇಬ್ಬರೂ ಅರ್ಜಿ ಹಾಕಿದ್ದರು. ಇಬ್ಬರೂ ಆಯ್ಕೆಯಾಗಿದ್ದರು. ನೆರವಿಲ್ಲದೆ ಇನ್ನೊಬ್ಬರೂ ಜೊತೆಗೆ ಹೋಗುವಷ್ಟು ದುಡ್ಡು ಮನೆಯಲ್ಲಿರಲಿಲ್ಲ.

ಚಿತ್ರದುರ್ಗದ ಆ ಕಚೇರಿಯ ಕಾರಿಡಾರಿಗೆ ಬಂದದ್ದೇ ರಾಜಶೇಖರ್, "ನೀನು ಬಿಟ್ಕೊಡ್ತೀನಿ ಅಂತ ಹೇಳ್ಬಿಡು. ಅಲ್ಲಿ ಚಳಿ, ಗಾಳಿ. ಒಬ್ಬಳೇ ಹೆಂಗಿರ್ತೀಯ?" ಎಂದ.

"ನೀನು ಹೆಂಗಿರ್ತೀಯೋ ಹಂಗೆ."

"ಪಾಪುಗೆ ಇನ್ನೂ ನಾಕು ವರ್ಷ, ಸುಮಿ."

"ನೀನು ಹೋದ್ರೂ ಅದಕ್ಕೆ ನಾಕೇ ವರ್ಷ."

ಅವನ ದನಿ ಏರಿತು. "ಊರಾಗೆ ಏನಂತಾರೆ ಗೊತ್ತಾ? ಹೆಂಡ್ತಿನ ದುಡಿಯಾಕೆ ಕಳ್ಸಿ ಮನ್ಯಾಗೆ ಕುಂತವ್ನೆ ಅಂತಾರೆ!"

ಬೆಂಚಿನ ಮೇಲಿದ್ದವರು ತಿರುಗಿ ನೋಡಿದರು. ಧರ್ಮಪುರದ ಹಟ್ಟಿಗಳಲ್ಲಿ ಕುರಿಗಳಿಗೆ ರೋಗ ಬಿದ್ದಾಗ ಕುರಿಗಾಹಿಗಳು ಹುಡುಕಿಕೊಂಡು ಬರುತ್ತಿದ್ದದ್ದು ಸುಮಿತ್ರಾಳನ್ನು. ರಾಜಶೇಖರನ ಕೈ ಪಳಗಿದ್ದು ಹಸು, ಎಮ್ಮೆಗಳ ಮೇಲೆ. ಅದು ಅವನಿಗೂ ಗೊತ್ತಿತ್ತು. ನಾಲಿಗೆಯ ತುದಿಗೆ ಬಂದ ಆ ಮಾತನ್ನು ಅವಳು ನುಂಗಿಕೊಂಡಳು.

ಒಳಗಿನಿಂದ ಕರೆ ಬಂತು.

"ಯಾರಮ್ಮ?" ಗಂಗಾಧರಪ್ಪ ತಲೆ ಎತ್ತದೆ ಕೇಳಿದರು.

"ನಾನು ಸಾರ್."

ಪಕ್ಕದಲ್ಲಿ ರಾಜಶೇಖರನ ಉಸಿರು ಜೋರಾದದ್ದು ಅವಳಿಗೆ ಕೇಳಿಸಿತು. ಅಧಿಕಾರಿ ಈಗ ತಲೆ ಎತ್ತಿದರು. "ನಿಮಗೆ ಒಪ್ಪಿಗೆ ಏನಪ್ಪ? ತಕರಾರು ಇದ್ರೆ ಈಗಲೇ ಹೇಳ್ರಿ. ಇಬ್ಬರನ್ನೂ ಕೈಬಿಟ್ಟು ಮುಂದಿನವರನ್ನ ಕರಿತೀವಿ."

ರಾಜಶೇಖರ್ ಒಪ್ಪಿಗೆಯಿಲ್ಲ ಎಂದು ಒಂದು ಮಾತು ಅಂದರೆ ಸಾಕು, ಎಲ್ಲ ಮುಗಿಯುತ್ತಿತ್ತು. ಸುಮಿತ್ರಾ ಸೆರಗಿನ ಅಂಚನ್ನು ಬಿಗಿಯಾಗಿ ಹಿಡಿದು ಕುಳಿತಳು. ಅವನತ್ತ ತಿರುಗುವ ಧೈರ್ಯವಾಗಲಿಲ್ಲ.

"ಕುರಿ ಕೆಲಸ ಸಾರ್ ಅದು," ಎಂದ ಅವನು ಕೊನೆಗೆ. "ನನಗಿಂತ ಅವಳಿಗೇ ಚೆನ್ನಾಗಿ ಬರ್ತೈತೆ. ಅವಳೇ ಹೋಗ್ಲಿ."

ಹೊರಗೆ ಬಂದ ಮೇಲೆ ಅವನು ಒಂದೇ ಮಾತು ಹೇಳಿದ: "ಪಾಪುಗೆ ನೀನೇ ಹೇಳ್ಬೇಕು. ನನ್ ಕೈಲಿ ಆಗಲ್ಲ."

ಬಸ್ಸಿನ ಒಂದೇ ಸೀಟಿನಲ್ಲಿ ಕುಳಿತು ಹೊಳಲ್ಕೆರೆ ದಾಟಿ ಹೊಸದುರ್ಗ ಮುಟ್ಟಿದರು. ಪಾಪುವನ್ನು ಬೆಳಿಗ್ಗೆ ಬಿಟ್ಟುಹೋಗಿದ್ದ ಅತ್ತೆ ಮುದ್ದಕ್ಕನ ಮನೆಯ ಜಗಲಿಯಲ್ಲೇ ಸುಮಿತ್ರಾ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೇಳಿದಳು. ಮಗು ಮೊದಲು ಆಟವೆಂದು ನಕ್ಕಿತು. ಆಮೇಲೆ ಅಮ್ಮನ ಕೈ ಬಿಡಿಸಿಕೊಂಡು ಇಳಿದು ಅಪ್ಪನ ಕಾಲು ತಬ್ಬಿತು.

ರಾಜಶೇಖರ್ ಅದನ್ನು ಎತ್ತಿಕೊಂಡ. "ಅಮ್ಮನ ಮ್ಯಾಲೆ ಸಿಟ್ಟಾಗಬ್ಯಾಡ ಮಗಾ," ಎಂದ, ಹೆಂಡತಿಯತ್ತ ನೋಡದೆಯೇ.

ಬೆಳಗಿನಿಂದ ತಡೆದಿದ್ದ ಅಳು ಸುಮಿತ್ರಾಳಿಗೆ ಆಗ ಬಂತು. ಶ್ರಾವಣದಲ್ಲಿ ಅವಳು ಹೊರಟಳು.