ಹಲಗೆಯ ಅಡಿಯ ಬರಹ

ಬೀದಿಯವರೆಲ್ಲ ಅವಳನ್ನು ಕರೆಯುವುದು ಉಳಿಯಕ್ಕ ಎಂದು. ಅಪ್ಪನಿಂದ ಅವಳಿಗೆ ಬಂದದ್ದು ಎರಡೇ: ಬಡಗಿ ಕೆಲಸ ಮತ್ತು ಈ ಮನೆ. ಗಂಡನೆಂಬ ಮಹಾರಾಯ ಆರು ವರ್ಷದ ಹಿಂದೆ ಗಂಟುಮೂಟೆ ಕಟ್ಟಿಕೊಂಡು ಹೋದವನು, ಈಗ ವ್ಯಾಪಾರದಲ್ಲಿ ಮುಳುಗಿ ಕೋರ್ಟಿಗೆ ದಿವಾಳಿ ಅರ್ಜಿ ಹಾಕಿದ್ದ. ಹಾಕಿಕೊಳ್ಳಲಿ, ಅವನ ಹಣೆಬರಹ. ಆದರೆ ಆಸ್ತಿಯ ಪಟ್ಟಿಯಲ್ಲಿ 'ಹೆಂಡತಿಯ ಮನೆಯ ಮಹಡಿ ನಾನು ಕಟ್ಟಿಸಿದ್ದು' ಎಂದೂ ಬರೆದಿದ್ದ. ಅದು ನಿಜವೆಂದಾದರೆ ಮನೆ ಹರಾಜಿಗೆ. ಕೋತಿ ತಾನು ಕೆಟ್ಟಿದ್ದಲ್ಲದೆ ವನವನ್ನೆಲ್ಲ ಕೆಡಿಸಿತಂತೆ, ಹಾಗಾಯಿತು.

ಬೆಳಿಗ್ಗೆ ಹತ್ತಕ್ಕೆ ಕೋರ್ಟಿನ ಅಧಿಕಾರಿ ಬಂದರು, ಹಿಂದೆಯೇ ಗಂಡ. ಹನ್ನೊಂದು ವರ್ಷದ ಮಗಳು ಮೆಟ್ಟಿಲ ಮೇಲೆ ಕೂತೇ ಇದ್ದಳು, ಅಪ್ಪನ ಕಡೆ ನೋಡಲಿಲ್ಲ. ಅಧಿಕಾರಿ ಮರದ ಮಹಡಿಯ ಉದ್ದಕ್ಕೂ ನಡೆದಾಡಿದರು. ಒಂದು ಹಲಗೆಯೂ ಕಿರ್ ಎನ್ನಲಿಲ್ಲ. ಆ ಗಳಿಗೆಯಲ್ಲೂ ಉಳಿಯಕ್ಕನಿಗೆ ಹೆಮ್ಮೆಯಾಯಿತು. ಏನು ಮಾಡುವುದು, ಕೆಲಸ ಅಂಥದ್ದು. ಅಧಿಕಾರಿ ಮರ ಕೊಂಡ ರಸೀದಿ ಕೇಳಿದರು. ಹಳೆ ಮನೆ ಒಡೆದ ಕಡೆಯಿಂದೆಲ್ಲ ಒಂದೊಂದಾಗಿ ಹೊತ್ತು ತಂದ ಮರಕ್ಕೆ ರಸೀದಿ ಯಾರು ಕೊಡುತ್ತಾರೆ? ಗಂಡ ಗಂಟಲು ಸರಿಮಾಡಿಕೊಂಡು, ತಾನು ಹೋಗುವ ಮೊದಲೇ ಇದೆಲ್ಲ ಮುಗಿದಿತ್ತು ಎಂದ.

ಅವಳು ಮೊಳೆ ಕೀಳುವ ಸುತ್ತಿಗೆ ಕೈಗೆತ್ತಿಕೊಂಡಳು. "ಯಾವ ಹಲಗೆ ಬೇಕೋ ನೀವೇ ತೋರ್ಸಿ ಸರ್."

ಅಧಿಕಾರಿ ಕಿಟಕಿ ಪಕ್ಕದ್ದನ್ನು ತೋರಿಸಿದರು. ತುಕ್ಕು ಹಿಡಿದ ಮೊಳೆಗಳು ಒಲ್ಲೆ ಒಲ್ಲೆ ಎನ್ನುತ್ತಲೇ ಎದ್ದವು. ಹಲಗೆ ಕೂರಿಸಿದ ತಾರೀಖು, ಅವತ್ತಿನ ಹವೆ ಅಡಿಯಲ್ಲಿ ಬರೆದಿಡಬೇಕು, ಮುಂದೆ ಮರ ಹಿಗ್ಗಿದರೆ ಕುಗ್ಗಿದರೆ ಕಾರಣ ತಿಳಿಯುತ್ತದೆ ಎಂಬುದು ಅಪ್ಪ ಕಲಿಸಿದ ಪಾಠ. ಜೊತೆಗೆ ಒಂದೆರಡು ಮಾತು ಗೀಚುವುದು ಅವಳದೇ ಚಟ. ಅಧಿಕಾರಿ ಕನ್ನಡಕ ಏರಿಸಿಕೊಂಡು ಓದಿದರು. ಐದು ವರ್ಷದ ಹಿಂದಿನ ತಾರೀಖು. 'ಸೆಖೆ. ಮಗಳ ಮೊದಲ ಹಲ್ಲು ಬಿತ್ತು.'

ಇನ್ನೊಂದು ಹಲಗೆ ಎಬ್ಬಿಸಿದಾಗ ಅದರಡಿ ಮಗಳ ದುಂಡಕ್ಷರವೇ ಇತ್ತು: 'ಈ ಮೊಳೆ ನಾನು ಹೊಡೆದದ್ದು.'

ಅಧಿಕಾರಿ ಮೂರನೆಯದಕ್ಕೆ ಕೈ ತೋರಿಸುವಷ್ಟರಲ್ಲಿ ಗಂಡ ತಲೆ ತಗ್ಗಿಸಿದ. "ಸಾಕು ಸರ್. ಆಗ ನಾನಿರ್ಲಿಲ್ಲ."

ಪಟ್ಟಿಯಲ್ಲಿ ಮಹಡಿಯ ಸಾಲಿಗೆ ಅಡ್ಡಗೀಟು ಬಿತ್ತು. ಹಾಗಾದರೆ ಈ ಮನೆಯಲ್ಲಿ ಇವರದು ಏನೂ ಇಲ್ಲವೇ ಎಂದು ಅಧಿಕಾರಿ ಕೊನೆಗೊಮ್ಮೆ ಕೇಳಿದರು.

ಸುಳ್ಳು ಹೇಳುವ ಜಾಯಮಾನ ಅವಳದಲ್ಲ. ಅಡುಗೆಮನೆಯ ಗೋಡೆಯಿಂದ ಒಂದು ಸೊಟ್ಟ ಶೆಲ್ಫು ಬಿಚ್ಚಿ ತಂದು, ಧೂಳು ಒರೆಸಿ ಗಂಡನ ಕೈಗಿಟ್ಟಳು. ಮದುವೆಯ ಹೊಸತರಲ್ಲಿ ಅವನು ಹಟ ಹಿಡಿದು ಮಾಡಿದ್ದು. ಇಟ್ಟ ಡಬ್ಬಿಯೆಲ್ಲ ಎಡಕ್ಕೆ ಜಾರುತ್ತಿದ್ದರೂ ಇಷ್ಟು ವರ್ಷ ಅವಳು ಅದನ್ನು ಕಿತ್ತಿರಲಿಲ್ಲ.

"ಇದು ಇವ್ರದು. ಬರ್ಕೊಳ್ಳಿ."

ಅವರು ಹೋದ ಮೇಲೆ ತಾಯಿ ಮಗಳು ಹಲಗೆ ಮುಚ್ಚಲು ಕೂತರು. ಮಗಳು ಪೆನ್ಸಿಲ್ ಹಿಡಿದು ಇವತ್ತಿನ ತಾರೀಖು ಬರೆದು, ಮುಂದೇನು ಎಂಬಂತೆ ಅಮ್ಮನ ಮುಖ ನೋಡಿದಳು.

"ಬಿಸಿಲು ಅಂತ ಬರಿ," ಎಂದಳು ಉಳಿಯಕ್ಕ. "ಮನೆ ನಮ್ದೇ ಅಂತಾನೂ ಬರಿ."